ಮೂರು ಬೆಟ್ಟ, ಒಂದು ನಕ್ಷತ್ರ

ಗಾಡಿ ಬಂದದ್ದು ಹಿಮಾಚಲದಿಂದ, ಎರಡನೇ ಕೈ,
ಆನೆಯಷ್ಟು ಎತ್ತರ, ಬಿಳಿ.
ಹಿಂದಿನ ಸೀಟು ಕಳಚಿ
ಬಂಗುಡೆಯ ಟ್ರೇಗಳಿಗೆ ಜಾಗ ಮಾಡಿದೆ.
ಮಲ್ಪೆಯಿಂದ ಮಣಿಪಾಲದ ಹೋಟೆಲುಗಳಿಗೆ
ಆರು ಗಂಟೆಯೊಳಗೆ ಮೀನು ಮುಟ್ಟಬೇಕು.
ಕಲ್ಯಾಣಿಗೆ ಟೆಂಪೊ ಸಾಲದೆ? ಎಂದು ನಕ್ಕರು.
ಟೆಂಪೊ ನನ್ನ ಸೊಂಟಕ್ಕೆ ಮಾಡಿದ್ದು
ನಕ್ಕವರಿಗೇನು ಗೊತ್ತು.

ಮೇ ತಿಂಗಳ ಕೊನೆಯ ವಾರ, ಕರಾವಳಿ ಜಂಕ್ಷನ್ನಿನ ಬಳಿ
ಮಯ್ಯದ್ದಿಯ ಟೈರಿನಂಗಡಿ.
ಹಲ್ಲಿನ ಸಂದಿಗೆ ಒಂದು ರೂಪಾಯಿ ತೂರಿಸಿ
ತಲೆಯಾಡಿಸಿದ, ಡಾಕ್ಟರ ಹಾಗೆ.
"ಇದು ಚಳಿಗಾಲದ ಟೈರು ಮಾರಾಯ್ರೆ."
ಅಂಗೈಯಿಂದ ಕೆಸರು ಒರೆಸಿದ:
ಬದಿಯಲ್ಲಿ ಮೂರು ಶಿಖರ, ಒಳಗೆ
ಆರು ಎಸಳಿನ ಒಂದು ಹಿಮದ ನಕ್ಷತ್ರ.
ಎರಡು ವರ್ಷ ದಿನಾ ತೊಳೆದಿದ್ದೇನೆ ಈ ಗಾಡಿ,
ಕಂಡಿರಲಿಲ್ಲ.

ಚಳಿಗಾಲ!
ನಮ್ಮಲ್ಲಿ ಅದು ಡಿಸೆಂಬರಿನ ನಾಲ್ಕು ಬೆಳಗು,
ಅತ್ತೆಯ ಕಿವಿಗೊಂದು ಮಫ್ಲರು,
ಹತ್ತು ಗಂಟೆಗೆ ಅದೂ ಹಗ್ಗದ ಮೇಲೆ.
ಹಿಮವೆಂದರೆ ನನಗೆ ಐಸ್ ಪ್ಲಾಂಟಿನದು,
ಗರಗರ ಪುಡಿಯಾಗಿ ಟ್ರೇಗೆ ಬೀಳುವುದು,
ಬೆರಳ ತುದಿ ಸತ್ತ ಹಾಗಾಗುವುದು.

"ರಬ್ಬರು ಮೆತ್ತಗೆ," ಎಂದ ಮಯ್ಯದ್ದಿ,
"ಹಿಮದಲ್ಲೂ ಗಟ್ಟಿಯಾಗದಂತೆ ಮಾಡಿದ್ದು.
ನಮ್ಮ ಬಿಸಿಲಿಗೆ ಹಲಸಿನ ತುಳುವೆಯಾಗಿದೆ,
ಹೈವೇ ತಿನ್ನುತ್ತಾ ಉಂಟು."
ಜಾಕ್ ತಿರುಗಿಸುತ್ತಿದ್ದ ನೇಪಾಳದ ಹುಡುಗ
ನಕ್ಷತ್ರದ ಮೇಲೆ ಹೆಬ್ಬೆರಳಿಟ್ಟು
ಏನೋ ಅಂದ, ತನ್ನ ಭಾಷೆಯಲ್ಲಿ.
ಯಾರೂ ಕೇಳಲಿಲ್ಲ. ಅವನೂ ಮತ್ತೆ ಹೇಳಲಿಲ್ಲ.

ಗೋಡೆಗೊರಗಿ ನಿಂತಿದ್ದವು ಎರಡು ಬಗೆ.
ಒಂದು ಮೊಸಳೆಯ ಬೆನ್ನು.
"ಅದನ್ನೇ ಹಾಕು, ಗಾಡಿಗೊಂದು ಗತ್ತು ಬೇಡವಾ,"
ಫೋನಿನಲ್ಲಿ ಮೆಂಡನ್ ಬಾವ,
ಮಗನ ಸ್ಕೂಟರಿನ ಹಿಂದೆ ಕೂತು ತಿರುಗುವವನು.
ಇನ್ನೊಂದು ಸಾದಾ. ನಾಲ್ಕು ಉದ್ದ ಗೆರೆ,
ನೀರು ಓಡಿಹೋಗಲು. ಎಲ್ಲ ಕಾಲಕ್ಕೂ ಆಗುವಂಥದ್ದಂತೆ.
"ಎಲ್ಲ ಕಾಲ ಅಂದರೆ ಯಾವ್ಯಾವುದು?"
"ನಮಗೆ ಎರಡೇ," ಅಂದ. "ಮಳೆ, ಮತ್ತೆ ಬೆವರು."

ಕಳೆದ ಜುಲೈ, ಕಾಪುವಿಗೆ ಹೋಗುವಾಗ,
ಉದ್ಯಾವರ ಸೇತುವೆ ದಾಟಿದ ಮೇಲೆ ರಸ್ತೆಯೇ ಹೊಳೆ.
ಸ್ಟೀರಿಂಗು ಒಮ್ಮೆಲೇ ಹಗುರವಾಯಿತು
ಕೈಯಲ್ಲಿ ಏನೂ ಇಲ್ಲದ ಹಾಗೆ.
ಎರಡು ಟನ್ ಗಾಡಿ, ನಾನು, ನಲವತ್ತು ಕಿಲೊ ಸಿಗಡಿ
ತೇಲುತ್ತಿದ್ದೆವು,
ಕಣ್ಣು ಮಿಟುಕಿಸುವಷ್ಟು ಹೊತ್ತು.
ದೋಣಿಯ ಮನೆಯಲ್ಲಿ ಹುಟ್ಟಿದವಳು,
ತೇಲುವುದು ಗೊತ್ತು ನನಗೆ.
ದೋಣಿ ತೇಲಬೇಕು. ಗಾಡಿ ತೇಲಬಾರದು.
ಮನೆಯಲ್ಲಿ ಇದನ್ನು ಹೇಳಿಲ್ಲ.

"ಸಾದಾದ್ದೇ ಹಾಕು. ಐದೂ."
ಎಪ್ಪತ್ತೊಂದು ಸಾವಿರ. ಫ್ರಿಜ್ಜಿಗೆಂದು ಎತ್ತಿದ ಚೀಟಿ.
"ಹಳೆಯದಕ್ಕೆ ಮುನ್ನೂರು ಮುನ್ನೂರು ಕಡಿಮೆ ಮಾಡುವ."
ಬೇಡ, ಎಂದೆ. ಹಳೆಯದು ನನಗೇ ಬೇಕು.
ಯಾಕೆಂದು ಕೇಳಿದ್ದರೆ
ಉತ್ತರ ಇರಲಿಲ್ಲ ಆಗ.

ಜೂನ್ ಒಂದು. ಬಲೆಗಳೆಲ್ಲ ಮೇಲೆ,
ಬೋಟುಗಳು ದಕ್ಕೆಯಲ್ಲಿ ಭುಜಕ್ಕೆ ಭುಜ.
ಸ್ಟೆಪ್ನಿಯದು ನೆಲ ಮುಟ್ಟಿದ್ದೇ ಇಲ್ಲ,
ಹಲ್ಲು ಪೂರ್ತಿ, ಅಂಗಳದಲ್ಲಿ ಬೆಕ್ಕಿಗೆ ಹಾಸಿಗೆ.
ಉಳಿದ ನಾಲ್ಕನ್ನು ಹಗ್ಗ ಹಾಕಿ
ತಮ್ಮನ ಬೋಟಿನ ಪಕ್ಕೆಗೆ ಇಳಿಬಿಟ್ಟೆವು.
ತೆರೆ ಬಂದಾಗ ಪಕ್ಕದ ಬೋಟು ಬಂದು ಒತ್ತುತ್ತದೆ,
ನಕ್ಷತ್ರ ಉಪ್ಪುನೀರಿಗೆ ಅದ್ದಿ ಏಳುತ್ತದೆ.
ಪೆಟ್ಟಿನ ಸದ್ದೇ ಇಲ್ಲ.
"ಒಳ್ಳೆ ಮೆತ್ತಗಿನ ಟೈರು ಮಾರಾಯ್ತಿ," ಎಂದ ತಮ್ಮ,
"ಎಲ್ಲಿ ಸಿಕ್ಕಿತು?"

ಹಿಂದಿರುಗುವಾಗ ಮಳೆ ಹಿಡಿಯಿತು.
ಕೆಳಗೆ ಹೊಸ ಶಬ್ದ ಒಂದು,
ಹಸಿ ಸೀರೆಯನ್ನು ಉದ್ದಕ್ಕೆ ಹರಿದ ಹಾಗೆ.
ಸ್ಟೀರಿಂಗು ಭಾರವಾಗಿತ್ತು.
ರೇಡಿಯೊ ನಿಲ್ಲಿಸಿ
ಅದನ್ನೇ ಕೇಳುತ್ತ ಬಂದೆ, ಮನೆಯವರೆಗೆ.